ಕಿಟ್ಟದ ಲೇಹ್ಯ

ರಾವಂದೂರು
18–1–1971

ರುದ್ರಾ,

ಇಲ್ಲಿ ಎಲ್ಲಾರೂ ಚೆಂದಾಗವ್ರೆ ಅಂತ ಮೊದ್ಲು ಬರೀಬೇಕಲ್ಲ, ಬರ್ದಿದ್ದೀನಿ ತಕ್ಕೊ. ಎಲ್ಲಾರೂ ಅಂದ್ರೆ ಯಾರ್ಲಾ? ನಾನೊಬ್ಳು, ಸುತ್ತಿಗೆ ಹೊಡೆಯೋ ಆಳು ಜವರ, ಒಂದು ಎಮ್ಮೆ.

ಸಂಕ್ರಾಂತಿಗೆ ಬಂದೋರು ಒಂದು ದಿನಾನೂ ಪೂರ್ತಿ ಇರ್ದೆ ಹೊಂಟ್ರಿ. ನಿನ್ನ ಹೆಂಡ್ತಿಗೆ ಇಸ್ಕೂಲಿತ್ತಂತೆ. ಆ ಮಕ್ಕಳಿಗೆ ಅಆಇಈ ಒಂದು ದಿನ ತಡವಾಗಿದ್ರೆ ಕೆ.ಆರ್. ನಗರ ಮುಳುಗೋಗ್ತಿತ್ತೇನೋ, ಹೋಗ್ಲಿ ಬುಡು. ನಂಗೆ ಅನ್ನ ಇಳೀದೆ ಇರೋದು ಅದಕ್ಕಲ್ಲ, ನಿನ್ನ ಮುಖ ನೋಡಿ. ಕಣ್ಣ ರೆಪ್ಪೆ ಒಳಗೆ ಬೆಳ್ಳಗೆ, ಉಗುರೂ ಬೆಳ್ಳಗೆ. ತಿದಿ ಒತ್ತೋಕೆ ಅಂತ ಕೂತೋನು ನಾಕು ಸಲ ಒತ್ತೋದ್ರೊಳಗೆ ಏದುಸಿರು ಬಿಟ್ಟೆ. ಹದಿನೈದನೇ ವರ್ಷಕ್ಕೇ ಗಾಡಿ ಚಕ್ರಕ್ಕೆ ಪಟ್ಟಾ ಏರಿಸ್ತಿದ್ದ ಹುಡುಗ ನೀನು. ಮದ್ವೆಯಾದ ಎಂಟು ತಿಂಗಳಿಗೆ ಇಂಗಾದ್ರೆ ನಾನು ಯಾರನ್ನ ಕೇಳ್ಲಿ? ಅವಳು ನಿಂಗೆ ಏನು ಬೇಯಿಸಿ ಹಾಕ್ತಾಳೆ?

ಅವ್ವ ಸತ್ತಾಗ ನಿಂಗೆ ಹನ್ನೊಂದು ತಿಂಗಳು. ನಂಗೆ ಹದಿನಾರು, ಹುಣಸೂರಿಗೆ ಮದ್ವೆಯಾಗಿ ಹೋಗಿ ಎರಡು ವರ್ಷ ಆಗಿತ್ತು. ನಿನ್ನ ನೋಡ್ಕಳ್ಳೋಕೆ ಅಂತ ತಿಂಗಳ ಮಟ್ಟಿಗೆ ಬಂದೋಳು ವಾಪಸ್ ಹೋಗ್ಲೇ ಇಲ್ಲ. ನಿಮ್ಮ ಭಾವ ಕಾದು ಕಾದು ಇನ್ನೊಬ್ಬಳನ್ನ ಕಟ್ಕಂಡ. ಅಪ್ಪ ತೀರ್ಕಂಡ ಮೇಲೆ ಕುಲುಮೇನೂ ನನ್ನ ತಲೆಗೇ ಬಂತು. ಇಲ್ಲೀಗಂಟ ಬರ್ದಿರೋದನ್ನ ನಿನ್ನ ಹೆಂಡ್ತಿಗೆ ಓದಿ ಹೇಳು. ಮುಂದಿಂದು ಬೇಡ.

ಪಿರಿಯಾಪಟ್ಟಣದಿಂದ ನಿಮ್ಮೂರಿಗೆ ಬರೋ ಬಸ್ಸಿನ ಕಂಡಕ್ಟರ್ ಕಂಠಪ್ಪನ ಕೈಲಿ ಒಂದು ಡಬ್ಬಿ ಕಳಿಸಿದ್ದೀನಿ. ಕಿಟ್ಟದ ಲೇಹ್ಯ. ಅವ್ವ ಅವಳ ತಮ್ಮ ಅಂಕಯ್ಯಮಾವನಿಗೆ ಮಾಡಿಕೊಡ್ತಿದ್ಲು ಅಂತ ಹೇಳ್ತಿದ್ನಲ್ಲ, ಅದೇ. ಕಾದ ಕಬ್ಬಿಣ ಬಡಿಯುವಾಗ ಅಡಿಗಲ್ಲ ಸುತ್ತ ಉದುರೋ ಕಿಟ್ಟಾನ ಆರಿಸಿ, ಕೆಂಪಗೆ ಕಾಸಿ ಏಳು ಸಲ ಹುಳಿಮಜ್ಜಿಗೇಲಿ ಅದ್ದಿ, ಮೂರು ದಿನ ಅರೆದು, ನೆಲ್ಲಿಚೆಟ್ಟು, ಹಳೇಬೆಲ್ಲ ಹಾಕಿ ಕಟ್ಟಿದ್ದೀನಿ. ನನ್ನ ರಟ್ಟೆ ಬಿದ್ದೋಗದೆ. ದಿನಾ ಎರಡೊತ್ತು ಗೋಲಿ ಗಾತ್ರ ತಿನ್ನು. ರಕ್ತ ಅಂದ್ರೆ ಕಬ್ಬಿಣ ತಾನೆ? ಕುಲುಮೆ ಮನೇಲಿ ಹುಟ್ಟಿ ಕಬ್ಬಿಣ ಸಾಲ್ದೆ ಬಿಳಿಚ್ಕಂಡ ಅಂದ್ರೆ ಜನ ನಗ್ತಾರೆ.

ನಿನ್ನ ಅಕ್ಕ
ಚಿಕ್ಕಸಿದ್ದಮ್ಮ


ಕೆ.ಆರ್. ನಗರ
3–3–1971

ಅತ್ತಿಗೆಯವರಿಗೆ ಚಾಮುಂಡಮ್ಮನ ನಮಸ್ಕಾರಗಳು.

ಈ ಕಾಗದ ಓದಿ ಗಾಬರಿಯಾಗಬೇಡಿ. ಈಗ ನಿಮ್ಮ ತಮ್ಮ ಮನೆಯಲ್ಲೇ ಇದ್ದಾರೆ. ಹದಿನೈದು ದಿನದ ಹಿಂದೆ ಅಕ್ಕಿ ಮಿಲ್ಲಿನಲ್ಲಿ ಬೆಲ್ಟು ಬದಲಾಯಿಸಲು ಏಣಿ ಹತ್ತಿದವರು ಮೂರನೇ ಮೆಟ್ಟಿಲಲ್ಲೇ ಜ್ಞಾನ ತಪ್ಪಿ ಬಿದ್ದರು. ಇಲ್ಲಿನ ಡಾಕ್ಟರು ಕಣ್ಣು ನೋಡಿದವರೇ ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಒಂಬತ್ತು ದಿನ ಇದ್ದೆವು.

ಗಂಡಸರಿಗೆ ರಕ್ತ ಹದಿನಾಲ್ಕು ಇರಬೇಕಂತೆ. ಇವರಿಗೆ ಆರು ಇತ್ತು. ಎದೆಯ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ಪರೀಕ್ಷೆ ಮಾಡಿದರು. ರಕ್ತ ಹುಟ್ಟುವುದು ಅಲ್ಲೇ ಅಂತೆ. ಅದನ್ನು ನೋಡಿ ಡಾಕ್ಟರಮ್ಮ ಹೇಳಿದ್ದು ಇಷ್ಟು: ಇವರ ಮೈಯಲ್ಲಿ ಕಬ್ಬಿಣ ಕಡಿಮೆ ಇಲ್ಲ, ಮಿತಿಮೀರಿ ಇದೆ, ಅದು ರಕ್ತವಾಗದೆ ಮೂಳೆಯೊಳಗೇ ಕೂತಿದೆ. ಒಂದು ಬಗೆಯ ವಿಟಮಿನ್ ಮಾತ್ರೆ ಕೊಟ್ಟಿದ್ದಾರೆ. ಅದು ಕೆಲವರಿಗೆ ನಾಟುತ್ತದಂತೆ. ಆದರೆ ಕಬ್ಬಿಣದ ಟಾನಿಕ್ಕಾಗಲಿ ಔಷಧಿಯಾಗಲಿ ಅಪ್ಪಿತಪ್ಪಿಯೂ ಬಾಯಿಗೆ ಹಾಕಬಾರದು ಅಂತ ಎರಡು ಸಲ ಹೇಳಿದರು.

ನೀವು ಕಳಿಸಿದ್ದ ಡಬ್ಬಿ ಬಟ್ಟೆ ಟ್ರಂಕಿನ ಹಿಂದೆ ನನ್ನ ಕಣ್ಣಿಗೆ ಬಿತ್ತು. ಹೆಚ್ಚುಕಡಿಮೆ ಖಾಲಿಯಾಗಿತ್ತು. ದಯವಿಟ್ಟು ಇನ್ನು ಕಳಿಸಬೇಡಿ.

ನಾನು ಏನು ಬೇಯಿಸುತ್ತೇನೆ ಅಂತ ಕೇಳಿದ್ದಿರಿ. ಅಷ್ಟನ್ನು ಓದಿ ಹೇಳಿದರು. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ನೀವು ಬೇಯಿಸುತ್ತಿದ್ದದ್ದೇ. ‘ಅಕ್ಕ ಮಾಡೋ ಥರ ಇಲ್ಲ’ ಅನ್ನದೆ ಒಂದು ದಿನವೂ ಅವರು ತಟ್ಟೆ ಮುಟ್ಟಿಲ್ಲ.

ಇತಿ
ಚಾಮುಂಡಮ್ಮ


ರಾವಂದೂರು
12–3–1971

ಚಾಮುಂಡಿ,

ನಿನ್ನ ಕಾಗದಾನ ನಾಕು ಸಲ ಓದ್ದೆ. ನಾನೇನು ನಿನ್ನಂಗೆ ಎಸ್ಸೆಸ್ಸೆಲ್ಸಿ ಮೇಡಮ್ಮ ಅಲ್ಲ, ರುದ್ರ ಒಂದನೇ ಕ್ಲಾಸಲ್ಲಿ ಸ್ಲೇಟು ತೀಡುವಾಗ ಅವನ ಜೊತೆ ಕೂತು ಕಲ್ತ ಅಕ್ಷರ ನಂದು. ಆದ್ರೂ ಓದಿದ್ದು ಸರಿಯಾಗಿ ಅರ್ಥ ಆಯ್ತದೆ. ರಕ್ತ ಕಮ್ಮಿ ಅಂತೆ, ಕಬ್ಬಿಣ ಜಾಸ್ತಿ ಅಂತೆ. ಸೌದೆ ಜಾಸ್ತಿಯಾಗಿ ಒಲೆ ಉರೀತಿಲ್ಲ ಅಂದಂಗಾಯ್ತು. ನಿಮ್ಮ ಡಾಕ್ಟರಮ್ಮಂಗೆ ಹೇಳು ಇದನ್ನ.

ಅದಿರ್ಲಿ. ಅವನು ಏಣಿಯಿಂದ ಬಿದ್ದು ಹದಿನೈದು ದಿನ ಆದ್ಮೇಲೆ ನಂಗೆ ಕಾಗದ. ಎದೆ ಮೂಳೆಗೆ ಸೂಜಿ ಹಾಕುವಾಗ ನೀನು ಪಕ್ಕದಲ್ಲಿದ್ದೆ. ನಾನಿಲ್ಲಿ ಊರೋರ ಕುಡ್ಲುಗೆ ಹದ ಹಾಕ್ತಾ ಕೂತಿದ್ದೆ, ಯಾರ್ದೋ ಹರಟೆಗೆ ನಗ್ತಾ. ಒಂದು ಕಾರ್ಡು ಹಾಕೋಕೆ ನಿನ್ನ ಕೈಗೆ ಏನಾಗಿತ್ತು? ನಾನು ಬಂದ್ರೆ ಆಸ್ಪತ್ರೆ ಮಂಚದ ಪಕ್ಕ ಜಾಗ ಸಾಲ್ತಿರ್ಲಿಲ್ವಾ? ಅವನಿಗೆ ದಡಾರ ಬಂದಾಗ, ನಾಯಿ ಕಚ್ಚಿದಾಗ, ಗೋಣಿಕೊಪ್ಪಲ ದಾರೀಲಿ ಗಾಡಿ ಮಗುಚಿ ಕಾಲು ಮುರ್ಕಂಡಾಗ ಪಕ್ಕ ಕೂತಿದ್ದೋಳು ನಾನು. ಆಗ ನೀನು ಲಂಗ ಹಾಕ್ಕಂಡು ಎಲ್ಲಿ ಆಡ್ತಿದ್ದೆ?

ಹೊಟ್ಟೆ ಉರೀತದೆ ಕಣಮ್ಮ, ಮುಚ್ಚಿಟ್ಕಂಡು ಏನು ಮಾಡ್ಲಿ.

ಲೇಹ್ಯ ಕಳಿಸಬೇಡ ಅಂದ್ಯಲ್ಲ, ಕಳಿಸಲ್ಲ ಬುಡು. ಮಾತು ಕೊಟ್ಟಿದ್ದೀನಿ.

ಚಿಕ್ಕಸಿದ್ದಮ್ಮ


ಕೆ.ಆರ್. ನಗರ
9–4–1971

ಅಕ್ಕಾ,

ಎರಡನೇ ಡಬ್ಬಿ ಬಂತು. ನೀನು ಹೇಳಿದಂಗೆ ಕಂಠಪ್ಪ ಮನೆಗೆ ಹೋಗ್ದೆ ಸೀದಾ ಮಿಲ್ಲಿಗೇ ತಂದುಕೊಟ್ಟ. ನಾನೂ ಮನೆಗೆ ತಗೊಂಡು ಹೋಗಿಲ್ಲ. ಮಿಲ್ಲಲ್ಲಿ ನನ್ನ ಸ್ಪ್ಯಾನರ್ ಪೆಟ್ಟಿಗೆ ಇದೆಯಲ್ಲ, ಅದರ ತಳದಲ್ಲಿ ಹಳೇ ಬೇರಿಂಗುಗಳ ಅಡಿ ಇಟ್ಟಿದ್ದೀನಿ. ಕೆಲಸ ಶುರು ಮಾಡೋಕೆ ಮುಂಚೆ ಒಂದು ಗೋಲಿ, ಬಿಡುವಾಗ ಒಂದು ಗೋಲಿ.

ಚಾಮುಂಡಿ ಕೊಡೋ ಮಾತ್ರೇನೂ ತಗೋತಾ ಇದ್ದೀನಿ. ಮಾತ್ರೆ ನುಂಗಿದ್ರೆ ಅವಳಿಗೆ ಸಮಾಧಾನ, ಲೇಹ್ಯ ತಿಂದ್ರೆ ನಿಂಗೆ ಸಮಾಧಾನ. ಎರಡರಲ್ಲಿ ಯಾವುದೋ ಒಂದು ನಾಟ್ತದೆ. ನಂಗೆ ಇಬ್ರೂ ಬೇಕು ಕಣಕ್ಕ. ಇಬ್ರೂ ಸೇರಿ ನನ್ನ ಹಗ್ಗದ ಥರ ಎಳೀಬೇಡಿ.

ಏಣಿ ಹತ್ತೋ ಕೆಲಸ ಬಿಡಿಸಿದ್ದಾರೆ. ಕೂತು ಮಾಡೋದು ಕೊಟ್ಟಿದ್ದಾರೆ. ಸುಸ್ತು ಹಂಗೇ ಇದೆ. ನಂಗೆ ಕಾಗದ ಬರೆದ್ರೆ ಮಿಲ್ಲಿನ ವಿಳಾಸಕ್ಕೇ ಹಾಕು.

ನಿನ್ನ ತಮ್ಮ
ರುದ್ರಸ್ವಾಮಿ


ರಾವಂದೂರು
17–4–1971

ನನ್ನ ಮಗನೇ ರುದ್ರಾ,

ತಮ್ಮಾ ಅಂತ ಬರೀಬೇಕಿತ್ತು, ಕೈ ಇಂಗೆ ಬರೀತು. ಇರ್ಲಿ ಬುಡು.

ಕಾಗದ ಓದಿ ಹತ್ತು ವರ್ಷ ಚಿಕ್ಕೋಳಾದೆ. ಅವಳಿಗೆ ಹೇಳ್ದೆ ನೀನು ನಂದು ತಿಂತಾ ಇದ್ದೀಯ ಅಂದ್ರೆ ಸಾಕು. ಜವರ ಯಾಕಕ್ಕ ಇವತ್ತು ಇಷ್ಟು ಜೋರಾಗಿ ತಿದಿ ಒತ್ತೀಯ ಅಂತ ಕೇಳ್ದ. ನಿಂಗ್ಯಾಕ್ಲಾ ಅಂದೆ.

ಮೂರನೇ ಡಬ್ಬಿಗೆ ಕಿಟ್ಟ ಆರಿಸಿಟ್ಟಿದ್ದೀನಿ. ಈ ಸಲ ನೆಲ್ಲಿಚೆಟ್ಟು ಎರಡರಷ್ಟು ಹಾಕ್ತೀನಿ, ಬೇಗ ಮೈಗೆ ಹಿಡೀಲಿ. ಸುಸ್ತು ಹೋಗೋಕೆ ಇನ್ನೊಂದು ತಿಂಗಳು ಬೇಕು. ಹೋದ್ಮೇಲೆ ಮಾತ್ರೆಯಿಂದ ಹೋಯ್ತು ಅಂತ ಅವಳು ಜಂಬ ಕೊಚ್ಕಳ್ತಾಳೆ. ಕೊಚ್ಕಳ್ಲಿ. ನಮ್ಮಿಬ್ರಿಗೆ ಗೊತ್ತಿದ್ರೆ ಆಯ್ತು.

ಅಕ್ಕ


ಕೆ.ಆರ್. ನಗರ
20–6–1971

ಅತ್ತಿಗೆಯವರಿಗೆ ನಮಸ್ಕಾರಗಳು.

ಮೂರು ತಿಂಗಳು ನಾನು ನಿಮಗೆ ಬರೆಯಲಿಲ್ಲ. ನಿಮ್ಮ ಕಾಗದಕ್ಕೆ ಸಿಟ್ಟು ಬಂದಿತ್ತು. ಆದರೆ ಈಗ ಸಿಟ್ಟು ಇಟ್ಟುಕೊಂಡು ಕೂರುವ ಹೊತ್ತಲ್ಲ.

ಮಾತ್ರೆ ನಾಟಿಲ್ಲ. ಕಳೆದ ವಾರ ರಕ್ತ ಐದಕ್ಕೆ ಇಳಿದಿದೆ. ಈಲಿ, ಲಿವರ್ ಅನ್ನುತ್ತಾರಲ್ಲ, ಅದು ಊದಿಕೊಂಡು ಕೈಗೆ ಸಿಗುತ್ತದೆ. ಬಿಳಿಚಿಕೊಂಡಿದ್ದ ಮೈ ಈಗ ಬೂದುಗಪ್ಪಗೆ ತಿರುಗುತ್ತಿದೆ. ನೆಂಟರು ಬಂದವರು ಬಿಸಿಲಲ್ಲಿ ಓಡಾಡ್ತಾರಾ ಅಂತ ಕೇಳುತ್ತಾರೆ. ಮನೆಯ ಹೊಸಿಲು ದಾಟಿದರೆ ಏದುಸಿರು ಬಿಡುವವರು, ಮಿಲ್ಲಿಗೂ ಜಟಕಾದಲ್ಲಿ ಹೋಗಿ ಕೂತು ಬರುವವರು, ಬಿಸಿಲಿಗೆಲ್ಲಿ ಹೋಗುತ್ತಾರೆ?

ಎರಡನೇ ಸಲ ಮಜ್ಜೆ ತೆಗೆದರು. ನಾನು ಟೀಚರ್ ಅಂತ ಗೊತ್ತಾಗಿ ಡಾಕ್ಟರಮ್ಮ ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕಬ್ಬಿಣ ಇದ್ದಲ್ಲಿ ನೀಲಿಯಾಗುವ ಬಣ್ಣ ಹಾಕಿದ್ದರು. ಹುಟ್ಟುತ್ತಿರುವ ಒಂದೊಂದು ಎಳೇ ಕಣದೊಳಗೂ ನೀಲಿ ಚುಕ್ಕೆಗಳು ಸುತ್ತು ಕಟ್ಟಿ ಕೂತಿದ್ದವು. ಕಬ್ಬಿಣ ಬಾಗಿಲತನಕ ಬರುತ್ತದೆ, ರಕ್ತದಲ್ಲಿ ಕೂಡಿಕೊಳ್ಳಲು ಇವರ ಮೈಗೆ ಬರುವುದಿಲ್ಲ. ಕೂಡಿಕೊಳ್ಳದ ಕಬ್ಬಿಣ ಅಲ್ಲೇ ಉಳಿದು ಆ ಕಣವನ್ನೇ ಕೆಡಿಸುತ್ತದೆ. ಮೂಳೆಯಿಂದ ಆಚೆ ಬರುವ ಮೊದಲೇ ಕಣಗಳು ಸಾಯುತ್ತವೆ. ನಿಮ್ಮ ಒಲೆಯ ಮಾತು ಹೇಳಿದೆ. ಅವರು ನಗಲಿಲ್ಲ. ‘ಸರಿಯಾಗೇ ಹೇಳಿದ್ದಾರಲ್ಲ. ಗಾಳಿ ಆಡದ ಹಾಗೆ ಸೌದೆ ತುರುಕಿದ್ರೆ ಒಲೆ ಉರಿಯುತ್ತಾ, ಅವರನ್ನೇ ಕೇಳು’ ಅಂದರು.

ಅವರಿಗೆ ಅರ್ಥವಾಗದೆ ಇರುವುದು ಒಂದೇ. ಫೆಬ್ರವರಿಯಲ್ಲಿ ಇದ್ದದ್ದಕ್ಕಿಂತ ಕಬ್ಬಿಣ ಈಗ ಬಹಳ ಹೆಚ್ಚಾಗಿದೆ. ಎಲ್ಲಿಂದ ಬರುತ್ತಿದೆ, ಯಾರಾದರೂ ಏನಾದರೂ ಕೊಡುತ್ತಿದ್ದಾರಾ ಅಂತ ನನ್ನ ಮುಖ ನೋಡಿ ಕೇಳಿದರು. ಇಲ್ಲ, ನಮ್ಮ ಅತ್ತಿಗೆ ಮಾತು ಕೊಟ್ಟಿದ್ದಾರೆ, ಅವರು ಒರಟು ಮಾತಾಡುತ್ತಾರೆ, ಸುಳ್ಳು ಹೇಳುವವರಲ್ಲ ಅಂದೆ.

ಇನ್ನೊಂದು ಕೇಳಿದ್ದಾರೆ. ಈ ಕಾಯಿಲೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದುಂಟಂತೆ. ನಿಮ್ಮ ಸೋದರಮಾವ ಒಬ್ಬರು ಚಿಕ್ಕ ವಯಸ್ಸಿಗೇ ತೀರಿಕೊಂಡರು ಅಂತ ಇವರು ಹೇಳುತ್ತಾರೆ. ಅವರಿಗೆ ಏನಾಗಿತ್ತು? ನೆನಪಿದ್ದಷ್ಟು ಬರೆಯಿರಿ.

ನಿಮಗೆ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಮಿಲ್ಲಿನವರು ಇವರನ್ನು ಜಟಕಾದಲ್ಲಿ ಮನೆಗೆ ತಂದಾಗ ಕಣ್ಣು ಬಿಡದೆ ಅಕ್ಕಾ ಅಕ್ಕಾ ಅಂತಿದ್ದರು. ನಾನು ಕೈ ಹಿಡಿದುಕೊಂಡೇ ಇದ್ದೆ. ಒಂದು ಸಲವೂ ನನ್ನ ಹೆಸರು ಬರಲಿಲ್ಲ. ನಿಮಗೆ ತಕ್ಷಣ ಕಾರ್ಡು ಹಾಕದೆ ಇದ್ದದ್ದು ಅದಕ್ಕೇ.

ಇತಿ
ಚಾಮುಂಡಮ್ಮ


ರಾವಂದೂರು
26–6–1971

ರುದ್ರಾ,

ಇದನ್ನ ಓದ್ತಿದ್ದಂಗೆ ಡಬ್ಬಿ ಎತ್ತಿ ಚರಂಡಿಗೆ ಹಾಕು. ಒಂದು ಗೋಲೀನೂ ಇನ್ನು ತಿನ್ನಬೇಡ. ಅದು ನಿಂಗೆ ವಿಷ.

ಅಂಕಯ್ಯಮಾವನ್ನ ನೀನು ನೋಡಿಲ್ಲ. ಹ್ಯಾಂಡ್‌ಪೋಸ್ಟ್ ಅನ್ನೋ ಊರಲ್ಲಿ ಗಾಡಿ ಕೆಲಸ ಮಾಡ್ಕಂಡಿದ್ದ. ನಿನ್ನಂಗೇ ಬೆಳ್ಳಗಾದ, ನಿನ್ನಂಗೇ ನಾಕು ಹೆಜ್ಜೆಗೆ ಕೂರ್ತಿದ್ದ. ಅವ್ವ ತಿಂಗಳು ತಿಂಗಳೂ ಡಬ್ಬಿ ಕಳಿಸೋಳು. ಅರೆಯೋಕೆ ನಾನೂ ಕೂರ್ತಿದ್ದೆ. ತಿಂದಂಗೆಲ್ಲ ಮೈ ಕಬ್ಬಿಣದ ಬಣ್ಣಕ್ಕೆ ಬಂತು. ಅವ್ವ ಹಿಗ್ಗಿಬುಟ್ಲು, ನೋಡೇ ಮೈಗೆ ಹಿಡೀತಾದೆ ಅಂತ. ಮೂವತ್ತೊಂದು ವರ್ಷಕ್ಕೇ ಸತ್ತ. ಲೇಹ್ಯ ಸಾಲ್ಲಿಲ್ಲ, ಇನ್ನೂ ಕೊಡಬೇಕಿತ್ತು ಅಂತ ಅವ್ವ ಸಾಯೋಗಂಟ ಅತ್ತಳು. ನಾನೂ ಇಷ್ಟು ವರ್ಷ ಅಂಗೇ ಅನ್ಕಂಡಿದ್ದೆ.

ನಿನ್ನ ಮೈ ಬಣ್ಣ ತಿರುಗಿದೆ ಅಂತ ಚಾಮುಂಡಿ ಬರ್ದವ್ಳೆ. ಓದಿದ ಮಾರನೇ ದಿನ ಕಾದ ನೇಗಿಲ ಗುಳ ಇಕ್ಕಳದಿಂದ ಜಾರಿ ಪಾದದ ಮೇಲೆ ಬಿತ್ತು. ಮನಸ್ಸು ಅಲ್ಲಿರ್ಲಿಲ್ಲ. ಕಾಲೂರೋಕೆ ಆಗ್ತಿಲ್ಲ, ಇಲ್ದಿದ್ರೆ ಈ ಕಾಗದ ಬರೋ ಬದ್ಲು ನಾನೇ ಬರ್ತಿದ್ದೆ.

ತಿನ್ನಬೇಡ ಕಣಪ್ಪ. ನಿನ್ನ ಕಾಲಿಗೆ ಬೀಳ್ತೀನಿ.

ಅಕ್ಕ


ಕೆ.ಆರ್. ನಗರ
5–7–1971

ಅಕ್ಕಾ,

ಕಾಲು ಸುಟ್ಟಿದ್ದು ಕೇಳಿ ಸಂಕಟ ಆಯ್ತು. ಲೋಳೆಸರ ಹಚ್ಚು, ನೀರು ಸೋಕಿಸಬೇಡ.

ಲೇಹ್ಯದ ವಿಷಯ ನಂಗೆ ಅರ್ಥ ಆಯ್ತು. ಚಾಮುಂಡಿ ನಿಂಗೆ ಉದ್ದುದ್ದ ಬರ್ದು ಹೆದರಿಸಿದ್ದಾಳೆ, ನೀನು ನೊಂದ್ಕಂಡು ಹಿಂಗೆ ಬರ್ದಿದ್ದೀಯ. ನಿನ್ನ ನಾನು ಇವತ್ತು ನೋಡ್ತಿದ್ದೀನಾ? ಮದ್ವೆ ಆದ ವಾರದಲ್ಲೇ ನನ್ನ ಮುಂದಿನ ತಟ್ಟೆ ಎಳ್ಕಂಡು ‘ನನ್ನ ಕೈದು ತಿನ್ನಬೇಡ, ನಿನ್ನ ಹೆಂಡ್ತಿ ಕೈದು ತಿನ್ನೋಗು’ ಅಂದಿದ್ದೆ. ಎದ್ದು ಹೋಗಿದ್ರೆ ಎಂಟು ದಿನ ಊಟ ಬಿಡ್ತಿದ್ದೆ ನೀನು. ನಾನು ಕಿತ್ಕಂಡು ತಿಂದಿದ್ದಕ್ಕೆ ನೀನು ಖುಷಿಗೆ ಅತ್ತುಬಿಟ್ಟೆ. ನಿನ್ನ ‘ತಿನ್ನಬೇಡ’ಕ್ಕೆ ಏನರ್ಥ ಅಂತ ನಂಗೆ ಗೊತ್ತು.

ಮೂರನೇ ಡಬ್ಬೀಲಿ ಅರ್ಧ ಇದೆ. ನೀನು ರಟ್ಟೆ ಮುರ್ಕಂಡು ಅರೆದಿದ್ದನ್ನ ಚರಂಡಿಗೆ ಹಾಕೋ ಅಂಥ ತಮ್ಮ ನಾನಲ್ಲ. ತಿಂದು ಮುಗಿಸ್ತೀನಿ. ನೀನು ಬೇಜಾರು ಮಾಡ್ಕೋಬೇಡ.

ರುದ್ರಸ್ವಾಮಿ


ರಾವಂದೂರು
9–7–1971

ಚಾಮುಂಡಿ,

ಈ ಕಾಗದಾನ ಇಸ್ಕೂಲಿನ ವಿಳಾಸಕ್ಕೆ ಹಾಕ್ತಿದ್ದೀನಿ, ರುದ್ರನ ಕೈಗೆ ಸಿಗದಿರ್ಲಿ ಅಂತ. ನಿಂತ್ಕಂಡಿದ್ರೆ ಕೂತ್ಕೊ.

ಕಬ್ಬಿಣ ಎಲ್ಲಿಂದ ಬಂತು ಅಂತ ನಿಮ್ಮ ಡಾಕ್ಟರಮ್ಮ ಕೇಳಿದ್ರಲ್ಲ, ನನ್ನ ಕೈಯಿಂದ. ನಿಂಗೆ ಮಾತು ಕೊಟ್ಟ ಮೇಲೆ ಎರಡು ಡಬ್ಬಿ ಕಳಿಸಿದ್ದೀನಿ. ಮಿಲ್ಲಲ್ಲಿ ಅವನ ಸ್ಪ್ಯಾನರ್ ಪೆಟ್ಟಿಗೆ ತಳದಲ್ಲಿ, ಹಳೇ ಬೇರಿಂಗುಗಳ ಕೆಳಗೆ ಇದೆ. ನಿನ್ನ ಮಾತ್ರೆ ನಾಟ್ದೆ ಇದ್ದದ್ದು ಅದಕ್ಕೇ ಇರಬೇಕು. ನೀನು ಬೆಳಿಗ್ಗೆ ಕೊಟ್ಟಿದ್ದನ್ನ ನಾನು ದಿನಾ ಎರಡು ಸಲ ಕೆಡಿಸ್ತಿದ್ದೆ. ತಿನ್ನಬೇಡ ಅಂತ ಅವನಿಗೆ ಬರ್ದೆ. ನಂಬ್ತಿಲ್ಲ. ನಾನು ಮುನಿಸ್ಕಂಡು ಬರ್ದಿದ್ದೀನಿ ಅನ್ಕಂಡವ್ನೆ. ಅದೂ ನಾನೇ ಕಲಿಸಿದ ಪಾಠ.

ಅಂಕಯ್ಯಮಾವ ಇಂಗೇ ಸತ್ತ. ಬೆಳ್ಳಗಾಗಿ, ಆಮೇಲೆ ಕಪ್ಪಗಾಗಿ. ಕಾಯಿಲೆ ನಮ್ಮ ಅವ್ವನ ಕಡೆಯದೇ. ನಿನ್ನ ಅಡಿಗೆಯಿಂದ ಅಲ್ಲ. ಈ ಕಾಗದಾನ ಡಾಕ್ಟರಮ್ಮಂಗೆ ತೋರ್ಸು. ಕಿಟ್ಟ, ಹುಳಿಮಜ್ಜಿಗೆ, ನೆಲ್ಲಿಚೆಟ್ಟು, ಬೆಲ್ಲ, ಇಷ್ಟೇ ಹಾಕಿರೋದು. ಗೋಲಿ ಗಾತ್ರ, ಎರಡೊತ್ತು, ಜನವರಿಯಿಂದ.

ನಿನ್ನ ಹತ್ರ ಕೈಯೊಡ್ಡಿ ಒಂದು ಕೇಳ್ತೀನಿ. ಕೇಳೋ ಮುಖ ನಂಗಿಲ್ಲ, ಆದ್ರೂ ಕೇಳ್ತೀನಿ. ನಾನು ಹೇಳ್ದೆ ಅಂತ ಅವನಿಗೆ ಹೇಳಬೇಡ. ನೀನೇ ಹುಡುಕಿದೆ ಅನ್ನು. ಅವನಿಗೂ ನಂಗೂ ನಡುವೆ ನಿಂಗೆ ಗೊತ್ತಿಲ್ಲದ್ದು ಅಂತ ಈ ಒಂದು ಡಬ್ಬಿ ಇತ್ತು. ಅದನ್ನ ನಾನೇ ತಗೊಂಡು ನಿನ್ನ ಕೈಗೆ ಕೊಟ್ಟೆ ಅಂತ ಗೊತ್ತಾದ್ರೆ ಅವನು ನನ್ನ ಮುಖ ನೋಡಲ್ಲ. ನಂಗೆ ಇನ್ಯಾರೂ ಇಲ್ಲ ಕಣಮ್ಮ.

ಚಿಕ್ಕಸಿದ್ದಮ್ಮ


ಕೆ.ಆರ್. ನಗರ
2–8–1971

ಅತ್ತಿಗೆಯವರಿಗೆ,

ಡಬ್ಬಿ ಸಿಕ್ಕಿತು. ಡಾಕ್ಟರಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದಂತೆ. ಇದು ಗೊತ್ತಾಗದೆ ಇನ್ನಾರು ತಿಂಗಳು ಕಳೆದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಅಂದರು.

ಲೇಹ್ಯ ನಿಂತು ಮೂರು ವಾರ. ಮಾತ್ರೆ ಎರಡರಷ್ಟು ಮಾಡಿದ್ದಾರೆ. ರಕ್ತ ಏಳಕ್ಕೆ ಬಂದಿದೆ. ಒಂಬತ್ತು ದಾಟಿದ ಮೇಲೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ರಕ್ತ ಹೊರಗೆ ತೆಗೆಯಬೇಕಂತೆ. ಕೂತಿರುವ ಕಬ್ಬಿಣ ಮೈಯಿಂದ ಆಚೆ ಹೋಗಲು ಅದೊಂದೇ ದಾರಿಯಂತೆ. ಆಚೆ ಹೋದಷ್ಟೂ ಮೂಳೆಯಲ್ಲಿ ಒಳ್ಳೆಯ ರಕ್ತ ಹುಟ್ಟುತ್ತದೆ, ಮಾತ್ರೆಯೂ ನಾಟುತ್ತದೆ ಅನ್ನುತ್ತಾರೆ.

ನಿಮ್ಮ ಕಾಗದ ಓದಿದ ದಿನ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಂತೋಷವೂ ಆಯಿತು. ನೀವು ಸೋತಿರಿ ಅಂತ. ಆ ಸಂತೋಷ ಸಂಜೆತನಕ ಇತ್ತು. ಅದನ್ನು ನಿಮಗೆ ಹೇಳದೆ ಇದ್ದರೆ ತಪ್ಪಾಗುತ್ತದೆ.

ನೀವು ಕೇಳಿದಂತೆ ನಡೆದುಕೊಂಡಿದ್ದೇನೆ.

ಚಾಮುಂಡಮ್ಮ


ಕೆ.ಆರ್. ನಗರ
6–9–1971

ಅಕ್ಕಾ,

ನಾನು ಊರಿಗೆ ಬಂದುಬಿಡ್ತೀನಿ. ಗೌರಿಹಬ್ಬಕ್ಕೆ ಬರೋಕಾಗ್ಲಿಲ್ಲ ಅನ್ನೋ ಬೇಜಾರಿಗೆ ಬರೀತಿಲ್ಲ, ಯೋಚನೆ ಮಾಡೇ ಬರೀತಿದ್ದೀನಿ.

ಇವಳು ನನ್ನ ಸ್ಪ್ಯಾನರ್ ಪೆಟ್ಟಿಗೆ ಜಾಲಾಡಿದ್ಲು. ನಾನು ಊಟಕ್ಕೆ ಹೋಗಿದ್ದಾಗ ಮಿಲ್ಲಿಗೆ ಬಂದು, ಎಲ್ಲರೂ ನೋಡ್ತಿದ್ದಂಗೆ ಪೆಟ್ಟಿಗೆ ಬೋರಲು ಹಾಕಿ ನಿನ್ನ ಡಬ್ಬಿ ತಗೊಂಡು ಹೋದಳು. ನಿಂಗೆ ಯಾರು ಹೇಳಿದ್ರು ಅಂದ್ರೆ ಯಾರೂ ಇಲ್ಲ, ನಂಗೇ ಅನುಮಾನ ಬಂತು ಅಂತಾಳೆ. ಗಂಡನ ಬೆನ್ನ ಹಿಂದೆ ಕಳ್ಳಿ ಥರ. ಬಾಯಿಗೆ ಬಂದಂಗೆ ಅಂದೆ. ಒಂದು ಮಾತೂ ಎದುರಾಡಲಿಲ್ಲ. ಎರಡು ತಿಂಗಳಾಗ್ತಾ ಬಂತು, ನಾನು ಅವಳನ್ನ ಮಾತಾಡಿಸಿಲ್ಲ. ಅವಳು ತಟ್ಟೆ ಇಡ್ತಾಳೆ, ಮಾತ್ರೆ ಇಡ್ತಾಳೆ, ಹೋಗ್ತಾಳೆ.

ರಕ್ತ ಒಂಬತ್ತೂವರೆ ಆಗಿದೆ. ಏನಕ್ಕೆ ಆಯ್ತೋ ಗೊತ್ತಿಲ್ಲ. ಮುಂದಿನ ವಾರ, ಹದಿನಾರನೇ ತಾರೀಕು ಗುರುವಾರದಿಂದ ನನ್ನ ಮೈಯಿಂದ ರಕ್ತ ತೆಗೀತಾರಂತೆ. ರಕ್ತ ಇಲ್ಲ ಅಂತ ಆಸ್ಪತ್ರೆಗೆ ಹೋದೋನಿಗೆ ಇರೋ ರಕ್ತಾನೂ ತೆಗೆಯೋದು ಯಾವ ಊರ ನ್ಯಾಯ ಅಕ್ಕ? ನಾನು ಹೋಗಲ್ಲ. ಇವಳ ಮಾತ್ರೇನೂ ಬೇಡ, ಇವಳ ಡಾಕ್ಟರೂ ಬೇಡ. ನನ್ನವರು ಅಂತ ನಂಗಿರೋಳು ನೀನೊಬ್ಳೇ. ನಿನ್ನ ಕೈಲಿ ತಿಂದ್ಕಂಡು ಕುಲುಮೆ ನೋಡ್ಕಂಡು ಇರ್ತೀನಿ. ಹೂಂ ಅಂತ ಒಂದು ಕಾರ್ಡು ಹಾಕು, ಕಂಠಪ್ಪನ ಬಸ್ಸಿಗೇ ಹತ್ತುತ್ತೀನಿ.

ರುದ್ರ


ರಾವಂದೂರು
11–9–1971

ರುದ್ರಾ,

ನಿನ್ನ ಕಾಗದಾನ ಎರಡು ದಿನ ಸೊಂಟಕ್ಕೆ ಸಿಕ್ಕಿಸ್ಕಂಡು ಓಡಾಡ್ದೆ. ನನ್ನವರು ಅಂತ ಇರೋಳು ನೀನೊಬ್ಳೇ, ಬಂದುಬಿಡ್ತೀನಿ ಅಂದ್ಯಲ್ಲ, ಆ ಮಾತಿಗೆ ನಾನು ನಿನ್ನ ಮದ್ವೆ ಚಪ್ಪರ ಬಿಚ್ಚಿದ ದಿನದಿಂದ ಕಾದಿದ್ದೆ. ಸುಳ್ಳು ಯಾಕೆ ಹೇಳ್ಲಿ. ಜವರನ ಕೈಲಿ ನಿನ್ನ ಮಂಚ ಎತ್ತಿಸಿ ಬಿಸಿಲಿಗೆ ಹಾಕಿಸ್ದೆ. ಒಂದು ಹುಂಜಾನೂ ಹಿಡಿದು ಕಟ್ಟಿಸ್ದೆ. ಸಂಜೆಗೆ ಮಂಚ ಒಳಗಿಡಿಸಿ, ಹುಂಜ ಬಿಚ್ಚಿಬುಟ್ಟು ಈ ಕಾಗದ ಬರೆಯೋಕೆ ಕೂತಿದ್ದೀನಿ.

ಬರಬೇಡ.

ಪೆಟ್ಟಿಗೆ ವಿಷಯ ಅವಳಿಗೆ ಹೇಳ್ದೋಳು ನಾನು. ಸ್ಪ್ಯಾನರ್ ಪೆಟ್ಟಿಗೆ, ತಳ, ಹಳೇ ಬೇರಿಂಗು, ಎಲ್ಲಾ ಬರ್ದು ಅವಳ ಇಸ್ಕೂಲಿಗೆ ಕಾಗದ ಹಾಕ್ದೆ. ತಿನ್ನಬೇಡ ಅಂತ ನಿನ್ನ ಕಾಲಿಗೆ ಬಿದ್ದೆ, ನೀನು ನಂಬ್ಲಿಲ್ಲ. ಇನ್ನೇನು ಮಾಡ್ಲಿ? ನನ್ನ ಹೆಸರು ಹೇಳಬೇಡ ಅಂತ ಅವಳನ್ನ ಬೇಡ್ಕಂಡೋಳೂ ನಾನೇ. ಅದಕ್ಕೇ ಅವಳು ಬಾಯಿ ಬಿಡ್ಲಿಲ್ಲ. ಕಳ್ಳಿ ಅಂತ ಅನ್ನೋದಾದ್ರೆ ನನ್ನ ಅನ್ನು. ಅವಳಿಗೆ ಕೊಟ್ಟ ಮಾತು ಮುರ್ದು ನಿಂಗೆ ಡಬ್ಬಿ ಕಳಿಸ್ದೆ, ನಿನ್ನ ಗುಟ್ಟು ಮುರ್ದು ಅವಳಿಗೆ ಹೇಳ್ದೆ.

ರಕ್ತ ತೆಗೆಯೋದು ನಂಗೂ ಮೊದ್ಲು ಅರ್ಥ ಆಗ್ಲಿಲ್ಲ. ಚಾಮುಂಡಿ ಬರ್ದಿದ್ದನ್ನ ಓದಿ ಓದಿ ತಿಳ್ಕಂಡೆ. ನಾನು ಆರು ತಿಂಗಳು ನಿನ್ನೊಳಗೆ ತುಂಬಿದ್ದು ಮೂಳೇಲಿ ಕೂತು ರಕ್ತ ಹುಟ್ಟೋಕೆ ಬುಡ್ತಿಲ್ಲ. ಅದು ಆಚೆ ಬರೋಕೆ ಬೇರೆ ದಾರಿ ಇಲ್ಲ. ಅವರು ತೆಗೆಯೋದು ನಿನ್ನ ರಕ್ತ ಅಲ್ಲ ಕಣಪ್ಪ, ನಾನು ಹಾಕಿದ ಕಿಟ್ಟ. ಒಂಬತ್ತೂವರೆ ಯಾಕಾಯ್ತು ಅಂತ ಗೊತ್ತಿಲ್ಲ ಅಂದ್ಯಲ್ಲ, ನನ್ನ ಕೈದು ನಿಂತ ಮೇಲೆ ಅವಳ ಕೈದು ನಾಟ್ತು. ಇದನ್ನ ಬರೆಯೋವಾಗ ಹೊಟ್ಟೆ ಉರೀತಿಲ್ಲ ಅಂತ ನೀನು ತಿಳ್ಕಬೇಡ.

ಇನ್ನೊಂದು ಹೇಳ್ಬೇಕು. ನಿನ್ನ ನೋವನ್ನ ನಾನು ತಿಂದಷ್ಟು ಇನ್ಯಾರೂ ತಿಂದಿಲ್ಲ ಅಂತ ನಂಗೊಂದು ಜಂಬ ಇತ್ತು. ಅದೊಂದೇ ನನ್ನ ಆಸ್ತಿ. ಈಗ ನೋಡಿದ್ರೆ ಈ ಹುಡುಗಿ ನನ್ನ ತಪ್ಪಿಗೆ ನಿನ್ನ ಬೈಗುಳ ತಿಂದ್ಕಂಡು, ಎರಡು ತಿಂಗಳು ಮಾತಿಲ್ದೆ, ನಿನ್ನ ತಟ್ಟೆ ಇಟ್ಕಂಡು, ಮಾತ್ರೆ ಇಟ್ಕಂಡು ಕೂತವ್ಳೆ. ಒಂದು ಮಾತು ಆಡಿದ್ರೆ ಸಾಕಿತ್ತು, ನನ್ನ ಹೆಸರು ಹೇಳಿ ಬಚಾವಾಗ್ತಿದ್ಲು. ಹೇಳ್ಲಿಲ್ಲ. ನಿಂಗೋಸ್ಕರ ಸಹಿಸೋದ್ರಲ್ಲೂ ನನ್ನ ಮೀರಿಸಿಬುಟ್ಟಳು. ಊಟ ಅವಳ ಕೈಲಾಯ್ತು, ಔಷಧಿ ಅವಳ ಕೈಲಾಯ್ತು, ನಿಂಗೋಸ್ಕರ ನೋಯೋದನ್ನೂ ನಾನು ಅವಳಿಗೆ ಬುಟ್ಟುಕೊಡಾಕಿಲ್ಲ.

ಅದಕ್ಕೆ ಬರೀತಿದ್ದೀನಿ. ನಿನ್ನ ಮುನಿಸು ನಂದು. ಅವಳ ಪಾಲಿಗೆ ಹೋಗಿರೋದನ್ನ ಇವತ್ತೇ ವಾಪಸ್ ಇಸ್ಕಂಡು ನಂಗೆ ಕೊಡು. ಗುರುವಾರ ಅವಳ ಜೊತೆ ಮೈಸೂರಿಗೆ ಹೋಗಿ ತೋಳು ಚಾಚು. ನಂಗೆ ಕಾಗದ ಬರೀಬೇಡ, ಹಬ್ಬಕ್ಕೂ ಬರಬೇಡ, ನನ್ನ ಹೆಸರೂ ಎತ್ತಬೇಡ. ನಲವತ್ತು ವರ್ಷ, ಐವತ್ತು ವರ್ಷ ಬದುಕಿದ್ದು ನನ್ನ ಮೇಲೆ ಮುನಿಸ್ಕಂಡಿರು. ಅಷ್ಟು ಸಾಕು ನಂಗೆ.

ಅಕ್ಕ